ವಸುಂಧರೆಯ ಸೋರುವ ಪೆನ್ನು

ನಮ್ಮೂರಲ್ಲಿ ಬರೆದದ್ದು ಒಣಗಬೇಕಾದರೆ ಒಬ್ಬರು ಅದನ್ನು ಬಾಯಿಬಿಟ್ಟು ಓದಬೇಕು, ಇನ್ನೊಬ್ಬರು ಮನಸ್ಸಿಟ್ಟು ಕೇಳಬೇಕು. ಅಲ್ಲಿಯತನಕ ಮಸಿ ಹಸಿಯಾಗಿಯೇ ಇರುತ್ತದೆ, ವರ್ಷ ಕಳೆದರೂ ಅಷ್ಟೆ. ಹಾಗಾಗಿ ನಮ್ಮಲ್ಲಿ ಯಾರೂ ಬರೆದ ಕಾಗದವನ್ನು ಜೇಬಿಗೆ ತುರುಕಿಕೊಂಡು ಓಡಾಡುವುದಿಲ್ಲ. ಹಪ್ಪಳ ಹೊತ್ತಂತೆ ಹಲಗೆಯ ಮೇಲೆ ಇಟ್ಟುಕೊಂಡು, ಕೇಳುವವರನ್ನು ಹುಡುಕಿಕೊಂಡು ಹೊರಡುತ್ತೇವೆ. ಹಿಟ್ಟಿನ ಗಿರಣಿಯ ಮುಂದೆ, ಹಾಲಿನ ಸರದಿಯಲ್ಲಿ, ಕ್ಷೌರದಂಗಡಿಯ ಬೆಂಚಿನ ಮೇಲೆ ಯಾರಾದರೊಬ್ಬರು ಓದುತ್ತಿರುತ್ತಾರೆ, ಯಾರಾದರೊಬ್ಬರು ಹೂಂಗುಟ್ಟುತ್ತಿರುತ್ತಾರೆ. ಬರೀ ಹೂಂಗುಟ್ಟಿದರೆ ಆಗದು. ಗಂಡ ಎಲ್ಲೋ ನೋಡುತ್ತ ತಲೆಯಾಡಿಸಿದನೋ, ಹೆಂಡತಿ ಕಾಗದವನ್ನು ಬೆರಳಲ್ಲಿ ಒರೆಸಿ, ನೀಲಿಯಾದ ಬೆರಳನ್ನು ಅವನ ಮೂಗಿನ ಮುಂದೆ ಹಿಡಿಯುತ್ತಾಳೆ. ಹೊರ ಊರಿನಿಂದ ಟಪಾಲಿನಲ್ಲಿ ಬರುವ ಕಾಗದಗಳು ಮಾತ್ರ ಒಣಗಿಯೇ ಬರುತ್ತವೆ. ಅವನ್ನು ಯಾರು ಕೇಳಿದ್ದರೋ, ನಾವು ವಿಚಾರಿಸಲು ಹೋಗುವುದಿಲ್ಲ.

ಕೇಳುವುದರಲ್ಲಿ ನನಗೆ ಊರಲ್ಲಿ ಒಂದಿಷ್ಟು ಹೆಸರಿದೆ. ನಮ್ಮಪ್ಪ ಕಾವ್ಯ ವಾಚಿಸುತ್ತಿದ್ದರು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅವರು ಜಗಲಿಯಲ್ಲಿ ಕೂತು ಷಟ್ಪದಿ ಎತ್ತಿದರೆಂದರೆ ನಾನು ಕಂಬಕ್ಕೆ ಒರಗಿ ಕೂರುತ್ತಿದ್ದೆ. ಮಾತು ಕಲಿಯುವ ಮೊದಲೇ ಕೇಳುವುದನ್ನು ಕಲಿತ ಮಗು ಎಂದು ಅಮ್ಮ ಹೇಳುತ್ತಿದ್ದಳು. ಮಾತಾಡುವುದು ಈಗಲೂ ಕಡಿಮೆಯೇ. ಆದರೆ ಯಾರಾದರೂ ಓದುವಾಗ ನನ್ನ ಮನಸ್ಸು ಅಲ್ಲಾಡುವುದಿಲ್ಲ. ಅಂಬುಜಕ್ಕನ ಮುಂದೆ ಓದಿದರೆ ಮೊದಲ ಸಾಲು ಮುಗಿಯುವುದರೊಳಗೆ ಒಣಗುತ್ತದೆ ಎಂದು ಜನ ಅನ್ನುತ್ತಾರೆ. ದೊಡ್ಡ ಕೆಲಸಗಳಿಗೆ ಊರ ನಡುವಿನ ಕೇಳುವ ಕಟ್ಟೆಯಲ್ಲಿ ಜನ ಸೇರಿದಾಗ ನನಗೂ ಅಲ್ಲೊಂದು ಮಣೆ ಹಾಕುತ್ತಾರೆ.

ನಾನು ಇರುವುದು ತಮ್ಮ ಶೇಷಾದ್ರಿಯ ಮನೆಯಲ್ಲಿ. ಅವನ ಹೆಂಡತಿ ವಸುಂಧರೆ ನನಗಿಂತಲೂ ಮೌನಿ. ಹೊರ ಊರಿನಿಂದ ಬಂದವಳು. ಹುಟ್ಟಿದ ಮನೆಯಲ್ಲಿ ಅವಳು ಬಾಯಿ ತೆರೆದರೆ "ನಿನ್ನ ಯಾರು ಕೇಳಿದ್ರು?" ಎನ್ನುತ್ತಿದ್ದರಂತೆ. ಅಂಥವಳು ಬಂದು ಸೇರಿದ್ದು ಕೇಳದಿದ್ದರೆ ಒಣಗದ ಊರಿಗೆ. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಲಿಲ್ಲ. ಕೊನೆಗೆ ನದಿಯಾಚೆಯ ಆಶ್ರಮದಿಂದ ಯಮುನೆಯನ್ನು ಕರೆತಂದರು. ನಾಲ್ಕೈದು ವರ್ಷದ ಮಗು. ನನ್ನನ್ನು ಬಂದ ದಿನದಿಂದಲೇ ಅತ್ತೆ ಎಂದಳು, ಶೇಷಾದ್ರಿಯ ಹೆಗಲೇರಿದಳು. ವಸುಂಧರೆಯ ಹತ್ತಿರ ಮಾತ್ರ ಸೆರಗು ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ದೂರದಿಂದ ಓದುತ್ತಿರುವಂತೆ ಕಾಣುತ್ತಿತ್ತು.

ಸಾಕಲು ತಂದ ಮಗು ನಮ್ಮೂರಲ್ಲಿ ಮನೆಯದಾಗಬೇಕಾದರೆ ತಾಯಿಯಾಗುವವಳು ಕಟ್ಟೆಯ ಮೇಲೆ ಕೂತು, ಎಲ್ಲರೆದುರಿಗೆ, ತನ್ನ ಪೆನ್ನಿನಲ್ಲೇ ಒಂದು ಹಾಳೆ ಬರೆದು ಓದಬೇಕು. ಹಾಗೆ ಮಾಡುತ್ತೇನೆ ಹೀಗೆ ಸಾಕುತ್ತೇನೆ ಎಂದು ಮಾತು ಕೊಡುವ ಹಾಳೆಯಲ್ಲ ಅದು. ಮಗುವಿನಲ್ಲಿ ತಾನು ಕಂಡದ್ದನ್ನು ಬರೆಯಬೇಕು. ಹಾಳೆ ಪೂರ್ತಿ ಒಣಗಿದರೆ ಹಿರಿಯರು ಅದನ್ನು ಮಡಿಚುತ್ತಾರೆ, ಮಗು ಆ ಮನೆಯದು. ಒಣಗದೆ ಉಳಿದರೆ ಇನ್ನೊಂದು ಅವಕಾಶವುಂಟು. ಆಗಲೂ ಒಣಗದಿದ್ದರೆ ಮಗು ಬಂದಲ್ಲಿಗೇ ವಾಪಸು. ಪೆನ್ನನ್ನು ಎರವಲು ತರುವಂತಿಲ್ಲ. ಹಿಂದೆ ಯಾರೋ ನೆರೆಮನೆಯವಳ ಪೆನ್ನಿನಲ್ಲಿ ಬರೆದು, ಮಗು ಆ ನೆರೆಮನೆಗೇ ಹೋಗಿ ಕೂತ ಕಥೆ ಊರಲ್ಲಿ ಎಲ್ಲರಿಗೂ ಗೊತ್ತು.

ವಸುಂಧರೆಯ ಪೆನ್ನು ಅವಳ ತಾಯಿಯದು. ಕಪ್ಪು ಬಣ್ಣದ ದಪ್ಪ ಪೆನ್ನು. ಕತ್ತು ತಿರುಗಿಸಿ ಬಿಚ್ಚಿ, ಹೊಟ್ಟೆಗೆ ಮಸಿ ಹೊಯ್ದುಕೊಳ್ಳಬೇಕು. ಅದು ಸೋರುತ್ತಿತ್ತು. ಬೇರೆ ಊರಲ್ಲಿ ಪೆನ್ನು ಸೋರಿದರೆ ಬೆರಳು ಒರೆಸಿಕೊಂಡು ಸುಮ್ಮನಾಗುತ್ತಾರೆ. ನಮ್ಮಲ್ಲಿ ಹಾಗಲ್ಲ. ಅಕ್ಷರವನ್ನು ಓದಬಹುದು, ಬಿದ್ದ ಹನಿಯನ್ನು ಯಾರು ಓದುತ್ತಾರೆ? ಓದದ್ದು ಒಣಗುವುದೂ ಇಲ್ಲ. ಅದು ಬೆರಳಿನಿಂದ ಲೋಟಕ್ಕೆ, ಲೋಟದಿಂದ ಬೆಕ್ಕಿನ ಬಾಲಕ್ಕೆ, ಬಾಲದಿಂದ ಮಡಿಬಟ್ಟೆಗೆ ಪ್ರಯಾಣ ಮಾಡುತ್ತದೆ. ಉಳಿದವನ್ನೆಲ್ಲ ಉಜ್ಜಿ ತೊಳೆಯಬಹುದು, ಕಾಗದವನ್ನು ತೊಳೆಯುವುದುಂಟೆ?

ಮೊದಲ ಸಲ ಕಟ್ಟೆಯ ಮೇಲೆ ಆದದ್ದು ಅದೇ. ವಸುಂಧರೆ ತಲೆ ಬಗ್ಗಿಸಿ ಕೂತು, 'ಯಮುನೆ ಒಳ್ಳೆಯ ಮಗು' ಎಂದು ಬರೆದಳು. ಮುಂದೇನು ಬರೆಯಬೇಕೆಂದು ಯೋಚಿಸುತ್ತ ಪೆನ್ನನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ಕಡಲೆಕಾಳಿನಷ್ಟು ದಪ್ಪದ ಹನಿ ನಿಬ್ಬಿನ ತುದಿಯಲ್ಲಿ ಮೂಡಿ, ನಾವು ನೋಡನೋಡುತ್ತಲೇ ಮಗುವಿನ ಹೆಸರಿನ ಮೇಲೆ ಬಿತ್ತು. ಕಟ್ಟೆಯ ಹಿರಿಯ ತಿರುಮಲಯ್ಯನವರು ಹೆಬ್ಬೆರಳೊತ್ತಿ ನೋಡಿ, ನೀಲಿಯಾದ ಬೆರಳನ್ನು ಶಲ್ಯಕ್ಕೆ ಒರೆಸಿಕೊಳ್ಳಲು ಹೋಗಿ, ಅರ್ಧದಲ್ಲೇ ನೆನಪಾಗಿ ತಡೆದರು. ಮುಂದಿನ ಹುಣ್ಣಿಮೆಗೆ ಬನ್ನಿ, ಅಷ್ಟರಲ್ಲಿ ಪೆನ್ನು ಸರಿಮಾಡಿಸಿಕೊಳ್ಳಿ ಎಂದರು. ಒಳ್ಳೆಯ ಮನುಷ್ಯ, ಗದರಲಿಲ್ಲ. ಆದರೆ ಅದು ಕೊನೆಯ ಸಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ನಾವಿಬ್ಬರೂ ಪೆನ್ನು ರಿಪೇರಿಯ ಮುಕುಂದರಾಯರ ಅಂಗಡಿಗೆ ಹೋದೆವು. ಅವರು ಕಿವಿಯ ಮೇಲೊಂದು, ಜೇಬಿನಲ್ಲೊಂದು, ಬಾಯಲ್ಲೊಂದು ಪೆನ್ನು ಸಿಕ್ಕಿಸಿಕೊಂಡೇ ಮಾತಾಡುವವರು. ತಾವು ಮುಟ್ಟಿದ ಪೆನ್ನು ಮತ್ತೆ ಸೋರಿದ ಚರಿತ್ರೆಯೇ ಇಲ್ಲ ಎಂದು ಶುರುಮಾಡಿ, ಕತ್ತಿನ ಸುತ್ತಿಗೆ ಜೇನುಮೇಣ ಸವರಿ ನೂಲು ಸುತ್ತಿದರು. ಹೊಟ್ಟೆಯ ತುಂಬ ನೀರು ತುಂಬಿಸಿ, ತಲೆಕೆಳಗು ಮಾಡಿ ಹಿಡಿದು, ಅತ್ತಿತ್ತ ಆಡಿಸಿ ತೋರಿಸಿದರು. ಒಂದು ಹನಿ ಬೀಳಲಿಲ್ಲ. ಮನೆಗೆ ಬಂದು ಮಸಿ ಹಾಕಿ ಬರೆಯಲು ಕೂತಳು, ಸೋರಿತು. ಮತ್ತೆ ಹೋದೆವು. ನಿಬ್ಬಿನ ಕೆಳಗಿನ ನಾಲಗೆ ಸಡಿಲವಾಗಿದೆ ಎಂದು ಅದನ್ನು ಬಿಸಿನೀರಿನಲ್ಲಿ ಅದ್ದಿ ಒತ್ತಿ ಕೂರಿಸಿದರು. ನೀರು ತುಂಬಿಸಿ ನೋಡಿದರು, ಸರಿಯಾಗಿತ್ತು. ಮನೆಯಲ್ಲಿ ಮತ್ತೆ ಅದೇ ಹಾಡು. ಮೂರನೆಯ ಸಲ ಹೋದಾಗ ರಾಯರಿಗೆ ಸಿಟ್ಟು ಬಂತು.

"ನೋಡಿ ಅಂಬುಜಮ್ಮ, ನನ್ನ ಕೈಯಲ್ಲಿ ಸೋರಲ್ಲ, ಅವರ ಕೈಯಲ್ಲಿ ಸೋರುತ್ತೆ ಅಂದ್ರೆ ರಿಪೇರಿ ಬೇಕಾಗಿರೋದು ಯಾವುದಕ್ಕೆ, ನೀವೇ ಹೇಳಿ."

ವಸುಂಧರೆ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಪೆನ್ನು ಎತ್ತಿಕೊಂಡು ಹೊರಟೆ. ತಿರುಗಿ ಹೇಳುವುದು ನನ್ನ ಅಭ್ಯಾಸವಲ್ಲ. ಆದರೆ ದಾರಿಯುದ್ದಕ್ಕೂ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಕಾಡಿತು.

ಊರವರ ಹತ್ತಿರ ಇದಕ್ಕೆ ಬೇರೆಯೇ ವಿವರಣೆಯಿತ್ತು. ಕಡಿಮೆ ಮಾತಾಡುವವರ ಪೆನ್ನು ಸೋರುತ್ತದೆ ಎಂದು ನಮ್ಮಲ್ಲಿ ಹಿಂದಿನಿಂದಲೂ ಅನ್ನುತ್ತಾರೆ. ಹೇಳದೆ ನುಂಗಿಕೊಂಡದ್ದೆಲ್ಲ ಹನಿಯಾಗಿ ಬೀಳುತ್ತದಂತೆ. ನಿಜವಾಗಿಯೂ ನೋಡಿ, ಹಾಲಿನ ಡೈರಿಯ ಸಾವಂತ್ರಮ್ಮ ದಿನಕ್ಕೆ ಹಾಳೆಗಟ್ಟಲೆ ಬರೆದು ಸಿಕ್ಕವರ ಕಿವಿಗೆಲ್ಲ ಸುರಿಯುವವಳು, ಅವಳ ಪೆನ್ನು ಎಂದೂ ಸೋರಿದ್ದಿಲ್ಲ. ಆಕೆ ಮನೆಗೇ ಬಂದು ವಸುಂಧರೆಗೆ ಉಪದೇಶ ಮಾಡಿದಳು. ಮನಸ್ಸಲ್ಲಿರುವುದನ್ನು ಕಕ್ಕಿಬಿಡು, ಪೆನ್ನು ತಾನಾಗಿ ನೆಟ್ಟಗಾಗುತ್ತದೆ ಎಂದಳು. ವಸುಂಧರೆ ಕಾಫಿ ಕೊಟ್ಟು ಕಳಿಸಿದಳು. ಶೇಷಾದ್ರಿಯಂತೂ ಅನ್ನ ಕಲಸಿಕೊಂಡು ಅದನ್ನೇ ನೋಡುತ್ತ ಕೂರುವಂತಾಗಿದ್ದ. ಹುಣ್ಣಿಮೆ ಹತ್ತಿರ ಬರುತ್ತಿತ್ತು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ವಸುಂಧರೆ ಪೆನ್ನು ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹೂವು ಕಟ್ಟುತ್ತ, ಅಪ್ಪ ಓದುತ್ತಿದ್ದ ಪದ್ಯಗಳನ್ನು ಮನಸ್ಸಿನೊಳಗೇ ತಿರುವಿಹಾಕುತ್ತಿದ್ದೆ. ಅವಳು ಪೆನ್ನಿನ ತುಂಬ ನೀರು ಹಿಡಿದು, ಕತ್ತು ತಿರುಗಿಸಿ, ನಿಬ್ಬು ಕೆಳಗೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ತೊಟ್ಟಿಕ್ಕಲಿಲ್ಲ. ಅಷ್ಟರಲ್ಲಿ ಯಮುನೆ ಒಳಗಿನಿಂದ ಏನೋ ಕೂಗಿದಳೆಂದು, ನೀರು ಚೆಲ್ಲಿ, ತಳದಲ್ಲಿ ಒಂದಿಷ್ಟು ಉಳಿದಿದ್ದ ಪೆನ್ನಿನ ಕತ್ತನ್ನು ಮತ್ತೆ ತಿರುಗಿಸಿ, ನಿಬ್ಬು ಕೆಳಗಾಗಿ ಮುಷ್ಟಿಯಲ್ಲಿ ಹಿಡಿದು ಕಿವಿಗೊಟ್ಟು ನಿಂತಳು. ಸ್ವಲ್ಪ ಹೊತ್ತಿಗೆ ನಿಬ್ಬಿನ ತುದಿಯಲ್ಲಿ ಹನಿ ಮೂಡಿತು. ಬಿತ್ತು. ಇನ್ನೊಂದು ಮೂಡಿತು.

ಹೂವು ಕೈಯಲ್ಲೇ ನಿಂತಿತು. ನೀರಿಗೇನು ನುಂಗಿಕೊಂಡ ದುಃಖವಿದೆ, ಹನಿಯಾಗಿ ಬೀಳಲು? ನಾನು ಎದ್ದು ಅವಳ ಕೈಯಿಂದ ಪೆನ್ನು ತೆಗೆದುಕೊಂಡೆ. ಬಿಸಿಬಿಸಿಯಾಗಿತ್ತು. ವಸುಂಧರೆಯ ಕೈ ಯಾವಾಗಲೂ ಬಿಸಿ, ರೊಟ್ಟಿ ತಟ್ಟಿ ಬಂದವಳಂತೆ. ಒಲೆಯ ಮೇಲಿನ ಪಾತ್ರೆ ಕಾದರೆ ಮುಚ್ಚಳವನ್ನು ಒಳಗಿನ ಆವಿ ಎತ್ತಿ ಎಸೆಯುತ್ತದೆ. ಖಾಲಿ ಪೆನ್ನಿನೊಳಗೆ ಇರುವುದು ಗಾಳಿ. ಕೈ ಬಿಸಿ ತಾಗಿ ಅದು ಉಬ್ಬಿ, ಇರುವ ಅಷ್ಟಿಷ್ಟು ಮಸಿಯನ್ನು ಹೊರಗೆ ದೂಡುತ್ತಿದೆ. ತುಂಬಿದ ಪೆನ್ನಿನಲ್ಲಿ ಉಬ್ಬಲು ಗಾಳಿಗೆ ಜಾಗವೇ ಇಲ್ಲ. ರಾಯರು ನೀರನ್ನು ತುಂಬ ತುಂಬಿಸಿ ನೋಡುತ್ತಿದ್ದರು. ಸಾವಂತ್ರಮ್ಮ ಬೆಳಿಗ್ಗೆಯೇ ಗಂಟಲವರೆಗೆ ಹೊಯ್ದುಕೊಳ್ಳುತ್ತಿದ್ದಳು. ವಸುಂಧರೆ ಮಾತ್ರ ಒಂದು ಸಾಲಿಗೆ ಸಾಕಾಗುವಷ್ಟು ಮಸಿ ಹಾಕಿಕೊಳ್ಳುತ್ತಿದ್ದಳು, ಮಗುವಿಗೆ ಔಷಧಿ ಹಾಕುವಂತೆ.

ಅದಕ್ಕೂ ಕಾರಣವಿತ್ತು. ಪೆನ್ನಿನಲ್ಲಿ ಮಸಿ ಉಳಿಸಿಕೊಂಡು ಮಲಗಬಾರದು ಎನ್ನುವುದು ನಮ್ಮೂರಿನ ಕಟ್ಟು. ತುಂಬಿಸಿಕೊಂಡದ್ದನ್ನು ಅಂದೇ ಬರೆದು, ಓದಿ, ಕೇಳಿಸಿ ಮುಗಿಸಬೇಕು. ಇಲ್ಲದಿದ್ದರೆ ಮನೆಯ ಮಾತು ಕೆಡುತ್ತದೆ ಎಂದು ಹಿರಿಯರು ಹೇಳಿಕೊಂಡು ಬಂದದ್ದು. ಎಲ್ಲರೂ ಆ ದಿನ ಎಷ್ಟು ಕೇಳುವವರು ಸಿಗುತ್ತಾರೋ ಅಷ್ಟೇ ಮಸಿ ಹಾಕಿಕೊಳ್ಳುತ್ತಾರೆ. ತನ್ನದನ್ನು ಯಾರೂ ಕೇಳುವುದಿಲ್ಲ ಎಂದು ನಂಬಿದವಳು ಎಷ್ಟು ಹಾಕಿಕೊಂಡಾಳು?

ನಾನು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಸಿಕುಡಿಕೆ ಮುಂದಿಟ್ಟೆ. ತುಂಬ ತುಂಬಿಸು ಎಂದೆ.

ಅವಳು ಹಿಂದೆ ಸರಿದಳು. "ಅಷ್ಟೊಂದು ಬರೆಯೋಕೆ ನನ್ನ ಹತ್ರ ಏನಿದೆ ಅಕ್ಕ? ಮಿಕ್ಕಿದ್ದು ಉಳಿದ್ರೆ?"

"ಉಳೀಲಿ."

"ಉಳಿಸ್ಕೊಂಡು ಮಲಗಬಾರದಲ್ವಾ?"

"ನಾಳೆ ಬರಿ. ನಾಳೆ ಕೇಳ್ತೀನಿ. ನಾಡಿದ್ದೂ ಕೇಳ್ತೀನಿ. ನಾನು ಇದೇ ಮನೇಲಿ ತಾನೇ ಇರೋದು, ಎಲ್ಲಿಗೆ ಹೋಗ್ತೀನಿ?"

ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಕೇಳಿ ಅವಳಿಗೆ ನಗು ಬಂತು. ಅವಳ ನಗು ನೋಡಿ ನನಗೂ ಬಂತು. ಹಿರಿಯರ ಕಟ್ಟು ಮುರಿಯುತ್ತಿದ್ದೇನೆ ಎಂಬ ಅಳುಕು ನನ್ನೊಳಗೆ ಇಲ್ಲದಿರಲಿಲ್ಲ. ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿ, ಕೇಳುವವಳು ಮನೆಯಲ್ಲೇ ಇರುವಾಗ ಉಳಿದ ಮಸಿ ಉಳಿದಂತಲ್ಲ, ಕಾದಿರಿಸಿದಂತೆ ಎಂದು ಒಪ್ಪಿಸಿ ಬಂದೆ. ವಸುಂಧರೆ ಹೊಯ್ದಳು. ಮಸಿ ಪೆನ್ನಿನ ಕತ್ತಿನವರೆಗೆ ಏರಿ ಹೊಳೆಯಿತು. ಕತ್ತು ತಿರುಗಿಸಿ, ನಿಬ್ಬು ಕೆಳಗೆ ಮಾಡಿ ಹಿಡಿದು ಕೂತಳು. ಒಂದು ಪದ್ಯ ಮುಗಿಯುವಷ್ಟು ಹೊತ್ತು ನಾವಿಬ್ಬರೂ ನಿಬ್ಬನ್ನೇ ನೋಡಿದೆವು. ಹನಿ ಮೂಡಲಿಲ್ಲ. ಆ ದಿನದಿಂದ ಹುಣ್ಣಿಮೆಯತನಕ ಅವಳು ದಿನಾ ಒಂದಿಷ್ಟು ಬರೆದು ನನಗೆ ಓದಿದಳು. ಸೊಪ್ಪಿನವಳು ಹೇಳಿದ್ದು, ತಾಯಿಯ ಮನೆಯ ಬಾವಿ, ಹೀಗೆ ಏನಾದರೂ. ಬೆಳಿಗ್ಗೆ ಎದ್ದು ಕಡಿಮೆಯಾದಷ್ಟು ಮಸಿ ತುಂಬಿಸಿಡುತ್ತಿದ್ದಳು. ಕಟ್ಟೆಯ ಹಾಳೆಗೆ ಏನು ಬರೆಯುತ್ತಾಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಸೋರುವ ಪೆನ್ನಿನ ಸುದ್ದಿ ಊರೆಲ್ಲ ಹಬ್ಬಿತ್ತು. ಮುಕುಂದರಾಯರು ಅಂಗಡಿ ಮುಚ್ಚಿ ಬಂದಿದ್ದರು. ಸಾವಂತ್ರಮ್ಮ ಮುಂದಿನ ಸಾಲಿನಲ್ಲಿದ್ದಳು. ತಿರುಮಲಯ್ಯನವರು ಈ ಸಲ ಶಲ್ಯವನ್ನೇ ಹೊದ್ದು ಬಂದಿರಲಿಲ್ಲ. ಶೇಷಾದ್ರಿ ಯಮುನೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಜಡೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿದ್ದ. ಜಡೆ ನೋಯುತ್ತೆ ಎಂದು ಅವಳು ಹೇಳಿದಾಗ ಬಿಟ್ಟ.

ವಸುಂಧರೆ ಬರೆಯತೊಡಗಿದಳು. ಬರೆದಳು, ನಿಲ್ಲಿಸಿದಳು, ಯೋಚಿಸಿದಳು. ಅವಳು ನಿಲ್ಲಿಸಿದಾಗಲೆಲ್ಲ ಜನರ ಉಸಿರೂ ನಿಲ್ಲುತ್ತಿತ್ತು. ನಿಬ್ಬಿನ ತುದಿಯಲ್ಲಿ ಹನಿ ಮೂಡಲಿಲ್ಲ. ಹಾಳೆ ತುಂಬಿತು. ಪೆನ್ನಿಗೆ ಟೋಪಿ ಹಾಕಿ ಪಕ್ಕಕ್ಕಿಡದೆ, ಅಭ್ಯಾಸದಂತೆ ಕೈಯಲ್ಲೇ ಹಿಡಿದುಕೊಂಡು ಓದಲು ಶುರುಮಾಡಿದಳು. ನನ್ನ ಕಣ್ಣು ಆ ಪೆನ್ನಿಗೇ ಅಂಟಿಕೊಂಡಿತು. ಹಾಳೆ ಕೆಳಗಿದೆ, ಪೆನ್ನು ಮೇಲಿದೆ, ಕೈ ಬಿಸಿಯಿದೆ. ಒಂದು ಹನಿ ಬಿದ್ದರೆ ಮುಗಿಯಿತು. ದೇವರೇ, ದೇವರೇ ಎಂದುಕೊಳ್ಳುತ್ತ ಕೂತಿದ್ದೆ. ಅವಳು ಓದಿ ಮುಗಿಸಿದಳು. ಹನಿ ಬೀಳಲಿಲ್ಲ. ಮುಕುಂದರಾಯರು ಪಕ್ಕದವನ ಬೆನ್ನು ತಟ್ಟಿ, ನನ್ನ ರಿಪೇರಿ ಎಂದರು.

ತಿರುಮಲಯ್ಯನವರು ಬಗ್ಗಿ ಹೆಬ್ಬೆರಳೊತ್ತಿದರು. ಬೆರಳೆತ್ತಿ ನೋಡಿ, ಇನ್ನೊಂದು ಕಡೆ ಒತ್ತಿದರು. ಹಾಳೆಯ ಮೇಲಿಂದ ಕೆಳಗಿನವರೆಗೆ, ಒಂದು ಸಾಲೂ ಒಣಗಿರಲಿಲ್ಲ. ಇಡೀ ಹಾಳೆ ಆಗತಾನೇ ಬರೆದಂತೆ ಹೊಳೆಯುತ್ತಿತ್ತು. ಶೇಷಾದ್ರಿ ಮಗುವನ್ನು ಎತ್ತಿಕೊಂಡೇ ಎದ್ದು ನಿಂತ. ವಸುಂಧರೆಯ ಮುಖದಲ್ಲಿ ಏನೂ ಕಾಣಲಿಲ್ಲ. ನಿನ್ನ ಯಾರು ಕೇಳಿದರು ಎಂದು ಇಡೀ ಊರೇ ಸೇರಿ ಅಂದಂತೆ, ಗೊತ್ತಿದ್ದದ್ದೇ ಆಯಿತು ಎಂಬಂತೆ, ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಏಳಲು ಹೊರಟಳು.

ಹಿರಿಯರು ಏನೋ ಹೇಳಲು ಬಾಯಿ ತೆರೆದರು. ಅವರು ಹೇಳುವ ಮೊದಲೇ ನಾನು ಎದ್ದೆ. ಕಟ್ಟೆಯ ಮೇಲೆ ಅಷ್ಟು ವರ್ಷ ಕೂತಿದ್ದರೂ ಅಲ್ಲಿ ನನ್ನ ದನಿ ಯಾರೂ ಕೇಳಿದ್ದಿಲ್ಲ. ಅವಳು ಓದಿದ ಒಂದು ಮಾತನ್ನಾದರೂ ನೆನಪಿಸಿಕೊಳ್ಳಲು ನೋಡಿದೆ. ಒಂದೂ ಇರಲಿಲ್ಲ.

"ತಪ್ಪು ಹಾಳೇದಲ್ಲ, ತಿರುಮಲಯ್ಯನೋರೆ. ಅವಳು ಏನು ಓದಿದ್ಲು ಅಂತ ನಂಗೆ ಗೊತ್ತಿಲ್ಲ. ನಿಮಗೆ ಗೊತ್ತಾ?"

ಅವರು ಹಾಳೆಯತ್ತ ನೋಡಿದರು. ಸಾವಂತ್ರಮ್ಮನತ್ತ ತಿರುಗಿದೆ. ಅವಳು ಜೀವನದಲ್ಲಿ ಮೊದಲ ಸಲ ನೆಲ ನೋಡಿದಳು. ಮುಕುಂದರಾಯರು ಕಿವಿಯ ಮೇಲಿನ ಪೆನ್ನನ್ನು ತೆಗೆದು ಜೇಬಿಗಿಟ್ಟರು.

"ನಾವ್ಯಾರೂ ಕೇಳಲಿಲ್ಲ," ಎಂದೆ. "ಹನಿ ಬೀಳುತ್ತಾ ಅಂತ ನೋಡ್ತಾ ಕೂತಿದ್ವಿ. ಅವಳು ಓದಿದ್ದಾಳೆ, ನಾವು ಕೇಳೋದು ಬಾಕಿ ಇದೆ. ಇನ್ನೊಂದು ಸಲ ಓದಲಿ."

ತಿರುಮಲಯ್ಯನವರು ಸ್ವಲ್ಪ ಹೊತ್ತು ತಮ್ಮ ನೀಲಿ ಹೆಬ್ಬೆರಳನ್ನು ನೋಡಿಕೊಂಡರು. ಆಮೇಲೆ ವಸುಂಧರೆಗೆ, ಕೂತ್ಕೊಳ್ಳಮ್ಮ, ಪೆನ್ನು ಕೆಳಗಿಡು, ನಿಧಾನವಾಗಿ ಓದು ಎಂದು ಹೇಳಿ, ತಾವೇ ಮೊದಲು ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಬೆನ್ನಿಗೆ ಕಂಬವಿದೆ ಎಂದುಕೊಂಡು ಕೂತೆ.

ಪೆನ್ನನ್ನು ಕಟ್ಟೆಯ ಮೇಲಿಟ್ಟ ಸದ್ದು ಕೇಳಿಸಿತು. ಆಮೇಲೆ ವಸುಂಧರೆಯ ದನಿ.

"ಯಮುನೆ ಊಟ ಮಾಡಿ ಮುಗಿಸಿದ ಮೇಲೆ ತಟ್ಟೆಯನ್ನು ಎತ್ತಿ ತೋರಿಸುತ್ತಾಳೆ, ಏನೂ ಬಿಟ್ಟಿಲ್ಲ ಎಂದು. ಯಾರೋ ಬೈಯುತ್ತಿದ್ದರು ಅನಿಸುತ್ತದೆ. ಈಗೀಗ ತೋರಿಸಲು ಮರೆಯುತ್ತಾಳೆ. ಬದನೆಕಾಯಿ ಬಿಡುತ್ತಾಳೆ.

"ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಕೆನ್ನೆಯ ಮೇಲೆ ಕೈಯಿಟ್ಟರೆ ನಿಲ್ಲಿಸುತ್ತಾಳೆ.

"ನನ್ನನ್ನು ಇನ್ನೂ ಏನೂ ಕರೆಯುವುದಿಲ್ಲ. ನಾನು ಯಾವ ಕೋಣೆಯಲ್ಲಿದ್ದೇನೋ ಆ ಕೋಣೆಗೆ ಬಂದು ಆಡುತ್ತಾಳೆ.

"ಬಂದಾಗಿನಿಂದ ಮಲಗುವಾಗ ಚಪ್ಪಲಿಯನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಎಲ್ಲಿಗಾದರೂ ಕಳಿಸಿದರೆ ತಕ್ಷಣ ಹೊರಡಲು ಅಂತ ನನಗೆ ಗೊತ್ತಾಯಿತು, ಕೇಳಲಿಲ್ಲ. ಮೊನ್ನೆ ಚಪ್ಪಲಿ ಬಾಗಿಲ ಹೊರಗೇ ಬಿದ್ದಿತ್ತು. ಹನಿ ಹಾಕುತ್ತಿತ್ತು. ನಾನು ಎದ್ದು ಒಳಗೆ ತಂದು, ಎಲ್ಲರ ಚಪ್ಪಲಿಯ ಜೊತೆ ಇಟ್ಟೆ."

ಅಷ್ಟೆ. ನಾನು ಕಣ್ಣು ಬಿಟ್ಟಾಗ ಹಾಳೆಯ ಮೇಲಿನ ಹೊಳಪು ಮೇಲಿನ ಸಾಲುಗಳಿಂದ ಆಗಲೇ ಇಳಿದುಹೋಗಿತ್ತು. ಕೆಳಗಿನ ಸಾಲಿನ ಕೊನೆಯಲ್ಲಿ ಒಂದಿಷ್ಟು ಉಳಿದಿದ್ದದ್ದೂ, ಬಿಸಿಲು ಬಿದ್ದ ನೆಲದ ತೇವದಂತೆ, ನೋಡುತ್ತಿರುವಾಗಲೇ ಆರಿತು. ತಿರುಮಲಯ್ಯನವರು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು, ಈ ಸಲ ಯಾವ ಯೋಚನೆಯೂ ಇಲ್ಲದೆ ಚೆನ್ನಾಗಿಯೇ ಒರೆಸಿಕೊಂಡು, ಹಾಳೆಯನ್ನು ಒತ್ತಿ ನೋಡುವ ಗೋಜಿಗೇ ಹೋಗದೆ ಎತ್ತಿ ಮಡಿಚಿದರು. ಮತ್ತೊಂದು ಸಲ ಮಡಿಚಿದರು. ಕಾಗದ ಮಡಿಚುವ ಸದ್ದನ್ನು ಅಷ್ಟು ಜನ ಸೇರಿ ಅಷ್ಟು ಗಮನವಿಟ್ಟು ಕೇಳಿದ್ದು ನಮ್ಮೂರಲ್ಲಿ ಅದೇ ಮೊದಲಿರಬೇಕು.

ಶೇಷಾದ್ರಿ ಕಟ್ಟೆಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು, ಮಗುವಿನ ಹಾಗೆ ಜೋರಾಗಿ ಮೂಗು ಒರೆಸಿಕೊಂಡ. ಯಮುನೆ ಅವನ ತೊಡೆಯಿಂದ ಇಳಿದು, ಜನರ ಕಾಲುಗಳ ನಡುವೆ ತೂರಿಕೊಂಡು ವಸುಂಧರೆಯ ಹತ್ತಿರ ಬಂದಳು. ಅವಳಿಗೊಂದು ದೂರಿತ್ತು. ಇಷ್ಟು ಜನರ ಮುಂದೆ ಬದನೆಕಾಯಿಯ ವಿಷಯ ಹೇಳಬಾರದಿತ್ತಂತೆ. ವಸುಂಧರೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಆ ದೂರನ್ನು ಮೊದಲಿನಿಂದ ಕೊನೆಯತನಕ ಕೇಳಿದಳು.